ಚಿಕನ್ ಸ್ಟಿರ್-ಫ್ರೈ: ಕಾರ್ನ್‌ಫ್ಲೋರಾ, ಸೋಡಾನಾ, ಮೊಟ್ಟೆಯ ಬಿಳಿಯಾ?

ಚೈನೀಸ್ ಹೋಟೆಲಿನ ಚಿಕನ್ ತುಂಡು ನುಣ್ಣಗಿರುತ್ತದೆ. ಮನೆಯಲ್ಲಿ ಅದೇ ಎದೆ ಮಾಂಸ ಹುರಿದರೆ ನಾರು ನಾರು. ತುಂಬಾ ಜನ ಸಾಸ್ ಬದಲಾಯಿಸಿ ನೋಡುತ್ತಾರೆ. ಆದರೆ ವಿಷಯ ಇರುವುದು ಮಾಂಸ ಬಾಣಲೆಗೆ ಬೀಳುವ ಮೊದಲು. ಚೀನಾದ ಅಡುಗೆಯವರು ತುಂಡುಗಳಿಗೆ ಮೊದಲೇ ಒಂದು ತೆಳು ಲೇಪ ಕೊಟ್ಟಿರುತ್ತಾರೆ. ಇಂಗ್ಲಿಷಿನವರು ಇದನ್ನು ವೆಲ್ವೆಟಿಂಗ್ ಅಂತಾರೆ.

ಇದರಲ್ಲಿ ಮೂರು ಬಗೆಗಳನ್ನು ಮನೆಯ ಗ್ಯಾಸ್ ಒಲೆಯ ಮೇಲೆ ಮಾಡಿ ನೋಡಿದೆ. ಪ್ರತಿ ಸಲವೂ 250 ಗ್ರಾಂ ಬೋನ್‌ಲೆಸ್ ಎದೆ ಮಾಂಸ, ಎಳೆಗೆ ಅಡ್ಡವಾಗಿ ತೆಳ್ಳಗೆ ಹೆಚ್ಚಿದ್ದು. ತರಕಾರಿಯೂ ಅದೇ: ಕ್ಯಾಪ್ಸಿಕಂ, ಕ್ಯಾರೆಟ್, ಬ್ರೊಕೊಲಿ, ಈರುಳ್ಳಿ.

ಬರೀ ಕಾರ್ನ್‌ಫ್ಲೋರ್ ಬಗೆ ಎಲ್ಲಕ್ಕಿಂತ ಸುಲಭ. ಒಂದು ಟೀ ಚಮಚ ಕಾರ್ನ್‌ಫ್ಲೋರ್, ಎರಡು ಟೀ ಚಮಚ ಸೋಯಾ ಸಾಸ್, ಸ್ವಲ್ಪ ನೀರು, ಸ್ವಲ್ಪ ಎಣ್ಣೆ. ಕಲಸಿ 15 ನಿಮಿಷ ಬಿಟ್ಟರೆ ಆಯಿತು. ಸಾಸ್ ಚೆನ್ನಾಗಿ ಅಂಟಿಕೊಳ್ಳುತ್ತದೆ, ಬಣ್ಣವೂ ಬರುತ್ತದೆ. ಆದರೆ ಎದೆ ಮಾಂಸ ಒಂದು ನಿಮಿಷ ಜಾಸ್ತಿ ಬೆಂದರೂ ಮತ್ತೆ ಗಟ್ಟಿ. ಬಾಣಲೆ ಸರಿಯಾಗಿ ಕಾದಿಲ್ಲದಿದ್ದರೆ ಲೇಪವೆಲ್ಲ ತಳಕ್ಕೇ ಹತ್ತಿಕೊಳ್ಳುತ್ತದೆ.

ಅಡುಗೆ ಸೋಡಾದ ಕೆಲಸವೇ ಬೇರೆ. ಅದು ಕ್ಷಾರ. ಮಾಂಸದ ಮೇಲ್ಭಾಗದ ಪ್ರೋಟೀನ್‌ಗಳು ಬಿಸಿಗೆ ಬಿಗಿಯಾಗಿ ಹೆಣೆದುಕೊಳ್ಳದಂತೆ ತಡೆಯುತ್ತದೆ. ಹಾಗಾಗಿ ನೀರು ಒಳಗೇ ಉಳಿಯುತ್ತದೆ. ಕಾಲು ಟೀ ಚಮಚ ಸಾಕು. 20 ನಿಮಿಷ ಬಿಟ್ಟು ಚೆನ್ನಾಗಿ ತೊಳೆದು, ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಆಮೇಲೆ ಮೇಲೆ ಹೇಳಿದ ಸೋಯಾ-ಕಾರ್ನ್‌ಫ್ಲೋರ್ ಹಚ್ಚಬೇಕು. ಮೃದುತನದಲ್ಲಿ ಇದಕ್ಕೆ ಸಾಟಿಯಿಲ್ಲ. ಸ್ವಲ್ಪ ಜಾಸ್ತಿ ಬೆಂದರೂ ಕ್ಷಮಿಸುತ್ತದೆ. ಆದರೆ ಚಿಕನ್‌ನ ಸ್ವಂತ ರುಚಿ ಒಂದಿಷ್ಟು ತೊಳೆದು ಹೋಗುತ್ತದೆ. ಸೋಡಾ ಹೆಚ್ಚಾದರೆ ಸೋಪಿನ ವಾಸನೆ ಬೇರೆ. ಒಣಗಿಸದೆ ಹಾಕಿದರೆ ಬಾಣಲೆಯಲ್ಲಿ ನೀರು ಬಿಟ್ಟು, ಹುರಿಯುವ ಬದಲು ಬೇಯುತ್ತದೆ.

ಮೊಟ್ಟೆಯ ಬಿಳಿಯದ್ದು ಹೋಟೆಲ್ ದಾರಿ. ಒಂದು ಮೊಟ್ಟೆಯ ಬಿಳಿ, ಒಂದು ಟೇಬಲ್ ಚಮಚ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು, ಅರ್ಧ ಗಂಟೆ ಫ್ರಿಜ್‌ನಲ್ಲಿ. ಅವರು ಶಾವ್‌ಶಿಂಗ್ ಅಕ್ಕಿ ವೈನ್ ಕೂಡ ಹಾಕುತ್ತಾರೆ, ನಾನು ಬಿಟ್ಟೆ. ಆಮೇಲೆ ಹದವಾಗಿ ಕಾದ ಎಣ್ಣೆಯಲ್ಲಿ ತುಂಡುಗಳನ್ನು ಮುಳುಗಿಸಿ ತೆಗೆಯುತ್ತಾರೆ. ಮನೆಯಲ್ಲಿ ಒಂದು ಊಟಕ್ಕೆ ಅಷ್ಟು ಎಣ್ಣೆ ಯಾರು ಸುರಿಯುತ್ತಾರೆ? ಅದಕ್ಕೆ ಬದಲಾಗಿ ಸಣ್ಣಗೆ ಕುದಿಯುವ ನೀರಿಗೆ ಒಂದು ಚಮಚ ಎಣ್ಣೆ ಬಿಟ್ಟು, ಅದರಲ್ಲಿ ಮುಕ್ಕಾಲು ನಿಮಿಷ ಅದ್ದಿ, ಬೆಳ್ಳಗಾದ ಕೂಡಲೇ ಜಾಲರಿ ಸೌಟಿನಲ್ಲಿ ತೆಗೆದೆ. ತುಂಡುಗಳು ರೇಷ್ಮೆಯ ಹಾಗೆ ಬಂದವು. ರುಚಿಯೂ ಚಿಕನ್‌ದೇ. ಮುಕ್ಕಾಲು ಪಾಲು ಬೆಂದಿರುವುದರಿಂದ ಬಾಣಲೆಯಲ್ಲಿ ಒಂದೇ ನಿಮಿಷದ ಕೆಲಸ. ಇದು ಸಣ್ಣ ಲಾಭವಲ್ಲ. ಹೋಟೆಲಿನ ಬರ್ನರ್‌ನ ಉರಿ ನಮ್ಮ ಒಲೆಯಲ್ಲಿ ಬರುವುದಿಲ್ಲ. ಹಸಿ ಮಾಂಸ ಬಿದ್ದರೆ ಬಾಣಲೆ ತಣ್ಣಗಾಗುತ್ತದೆ, ಇಲ್ಲಿ ಹಾಗಾಗುವುದು ತುಂಬಾ ಕಮ್ಮಿ. ಕೊರತೆ ಅಂದರೆ ಕಂದು ಬಣ್ಣ ಬರುವುದಿಲ್ಲ, ತೊಳೆಯಲು ಇನ್ನೊಂದು ಪಾತ್ರೆ ಸೇರುತ್ತದೆ.

ಯಾವ ಬಗೆಯಾದರೂ ತರಕಾರಿಯನ್ನು ಬೇರೆಯಾಗಿ ದೊಡ್ಡ ಉರಿಯಲ್ಲಿ ಹುರಿದು, ಕೊನೆಗೆ ಎಲ್ಲವನ್ನೂ ಸೇರಿಸಿ. ನಾನ್‌ಸ್ಟಿಕ್ ಬೇಡ, ಆ ಬಿಸಿಗೆ ಅದರ ಲೇಪ ಹಾಳಾಗುತ್ತದೆ. ಕಬ್ಬಿಣದ ಬಾಣಲೆಯೇ ಸರಿ.

ನೆಂಟರು ಬಂದ ದಿನ ನನ್ನ ಓಟು ಮೊಟ್ಟೆಯ ಬಿಳಿಗೆ. ಕೆಲಸದಿಂದ ಬಂದು ಗಡಿಬಿಡಿಯಲ್ಲಿ ಮಾಡುವಾಗ ಸೋಡಾ. ತೊಡೆ ಮಾಂಸ ಸಿಕ್ಕರೆ ಬರೀ ಕಾರ್ನ್‌ಫ್ಲೋರ್ ಧಾರಾಳ ಸಾಕು. ಅದರಲ್ಲಿ ಕೊಬ್ಬು ಜಾಸ್ತಿ, ಅಷ್ಟು ಬೇಗ ಒಣಗುವುದಿಲ್ಲ, ಸೋಡಾ ಡಬ್ಬಿ ಸುಮ್ನೆ ತೆಗೆಯಬೇಡಿ.