ಅಂಕೆಗಳನ್ನು ಮರೆತು ಮತ್ತೆ ಕಲಿತದ್ದು: ಅಮೋನಿಯಾ ಇಲ್ಲದ ಹೇರ್ ಕಲರ್ ಶ್ರೇಣಿಯೊಂದಿಗೆ ಎಂಟು ತಿಂಗಳು

ಕಳೆದ ಆಷಾಢದಲ್ಲಿ, ಮದುವೆಗಳಿಲ್ಲದೆ ಪಾರ್ಲರಿನ ಕುರ್ಚಿಗಳು ಅರ್ಧ ಖಾಲಿ ಉಳಿದಿದ್ದ ದಿನಗಳಲ್ಲಿ, ಹನ್ನೊಂದು ವರ್ಷ ಬಳಸಿದ ಹೇರ್ ಕಲರ್ ಶ್ರೇಣಿಯನ್ನು ಬಿಟ್ಟು ಅಮೋನಿಯಾ ಇಲ್ಲದ ಹೊಸ ಶ್ರೇಣಿಯೊಂದಕ್ಕೆ ನಾನು ಬದಲಾದೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನಮ್ಮದು ಮೂರು ಕುರ್ಚಿಗಳ ಸಣ್ಣ ಪಾರ್ಲರ್. ಏಸಿ ಹಾಕಿದರೆ ಕಿಟಕಿ ಮುಚ್ಚಲೇಬೇಕು. ಕಿಟಕಿ ಮುಚ್ಚಿದರೆ ದಿನಕ್ಕೆ ಆರೇಳು ತಲೆಗಳ ಅಮೋನಿಯಾ ನನ್ನ ಮತ್ತು ನನ್ನ ಸಹಾಯಕಿಯ ಕಣ್ಣು, ಮೂಗು, ಗಂಟಲುಗಳಿಗೇ ಸೇರಬೇಕು. ಬದಲಾವಣೆಗೆ ಕಾರಣ ಇದೇ ಹೊರತು ಯಾವ ಜಾಹೀರಾತೂ ಅಲ್ಲ. ಈ ಬರಹದಲ್ಲಿ ಎರಡೂ ಕಂಪನಿಗಳ ಹೆಸರನ್ನು ಹೇಳುವುದಿಲ್ಲ. ಊರಿಗೆ ಇರುವ ವಿತರಕರು ಬೆರಳೆಣಿಕೆಯಷ್ಟು, ನಾಳೆಯೂ ಅವರಿಂದಲೇ ಮಾಲು ತರಿಸಬೇಕು. ಅಲ್ಲದೆ ನಾನು ಹೇಳುವುದರಲ್ಲಿ ಹೆಚ್ಚಿನದು ಈ ಬಗೆಯ ಯಾವ ಶ್ರೇಣಿಗೆ ಹೋದರೂ ಎದುರಾಗುವಂಥದ್ದು.

ಮೊದಲು ವಾಸನೆಯ ವಿಷಯವನ್ನೇ ಮುಗಿಸುತ್ತೇನೆ. ಶಾಶ್ವತ ಬಣ್ಣ ಕೂದಲಿನೊಳಗೆ ಇಳಿಯಬೇಕಾದರೆ ಹೊರಪದರ ಉಬ್ಬಿ ತೆರೆದುಕೊಳ್ಳಬೇಕು, ಅದಕ್ಕೆ ಕ್ಷಾರ ಬೇಕು. ಹಳೆಯ ಶ್ರೇಣಿಯಲ್ಲಿ ಆ ಕೆಲಸವನ್ನು ಅಮೋನಿಯಾ ಮಾಡುತ್ತಿತ್ತು. ಹೊಸತರಲ್ಲಿ ಮೊನೊಎಥನಾಲಮೀನ್ ಮಾಡುತ್ತದೆ. ಅಮೋನಿಯಾ ಗಾಳಿಗೆ ಹಾರುತ್ತದೆ, ಆದ್ದರಿಂದ ಕಣ್ಣು ಉರಿಸುತ್ತದೆ. ಮೊನೊಎಥನಾಲಮೀನ್ ಅಷ್ಟು ಸುಲಭವಾಗಿ ಹಾರುವುದಿಲ್ಲ, ಆದ್ದರಿಂದ ವಾಸನೆ ಇಲ್ಲ. ಆದರೆ ಅದೇ ಕಾರಣಕ್ಕೆ ಅದು ಕೂದಲಿನಲ್ಲೇ ಉಳಿಯುತ್ತದೆ, ಪ್ರಮಾಣ ಹೆಚ್ಚಾದರೆ ಕೂದಲಿಗೆ ಮಾಡುವ ಹಾನಿ ಅಮೋನಿಯಾದ್ದಕ್ಕಿಂತ ಕಡಿಮೆಯೇನಲ್ಲ. ಹೀಗಾಗಿ ಬಣ್ಣ ತೊಳೆಯುವಾಗ ನೀರು ತಿಳಿಯಾದ ಮೇಲೂ ಎರಡು ನಿಮಿಷ ಹೆಚ್ಚು ತೊಳೆಯುವುದನ್ನು ನಾವು ನಿಯಮ ಮಾಡಿಕೊಂಡಿದ್ದೇವೆ. ಪಾರ್ಲರಿನ ಗಾಳಿಯಂತೂ ನಿಜವಾಗಿಯೂ ಬದಲಾಗಿದೆ. ಸಹಾಯಕಿಯ ಸಂಜೆಯ ತಲೆನೋವು ನಿಂತಿದೆ. ಗಿರಾಕಿಗಳಿಗೆ ಮಾತ್ರ ಮೊದಲೆರಡು ತಿಂಗಳು ಅನುಮಾನ ಹೋಗಿರಲಿಲ್ಲ. “ವಾಸನೀನ ಬರವಲ್ದಲ್ರೀ ಮೇಡಂ, ಬಣ್ಣ ಹಿಡಿತೈತೋ ಇಲ್ಲೋ?” ಎಂದು ಕೇಳಿದವರು ಒಬ್ಬಿಬ್ಬರಲ್ಲ. ಇದರ ಜೊತೆಗೆ, ‘ಅಮೋನಿಯಾ ಇಲ್ಲ’ ಎಂಬುದನ್ನು ‘ಕೆಮಿಕಲ್ಲೇ ಇಲ್ಲ’ ಎಂದು ತಿಳಿಯುವವರಿಗೆ, ಇದರಲ್ಲೂ ಪೆರಾಕ್ಸೈಡ್ ಇದೆ, ಇದರಲ್ಲೂ ಬಣ್ಣದ ಮೂಲವಸ್ತು ಡೈಅಮೀನ್‌ಗಳೇ ಎಂದು ವಿವರಿಸುವ ಕೆಲಸವೂ ಸೇರಿಕೊಂಡಿತು.

ಶ್ರೇಣಿ ಬದಲಿಸುವುದರಲ್ಲಿ ನಿಜವಾದ ಕಷ್ಟ ಅಂಕೆಗಳದು. ಟ್ಯೂಬಿನ ಮೇಲಿರುವ ಚುಕ್ಕೆಯ ಅಥವಾ ಗೆರೆಯ ಮೊದಲಿನ ಅಂಕೆ ಬಣ್ಣದ ಆಳವನ್ನು ಹೇಳುತ್ತದೆ: 1 ಕಪ್ಪು, 4 ನಡುವಣ ಕಂದು, 10 ಬಲು ತಿಳಿ ಹೊಂಬಣ್ಣ. ಇದು ಸುಮಾರಾಗಿ ಎಲ್ಲ ಕಂಪನಿಗಳಲ್ಲೂ ಒಂದೇ. ನಂತರದ ಅಂಕೆ ಛಾಯೆಯನ್ನು ಹೇಳುತ್ತದೆ, ಅಲ್ಲಿ ಒಬ್ಬರ ಭಾಷೆ ಇನ್ನೊಬ್ಬರದಲ್ಲ. ಲೋರಿಯಲ್‌ನ ಟ್ಯೂಬುಗಳಲ್ಲಿ 4 ಎಂದರೆ ತಾಮ್ರದ ಛಾಯೆ. ವೆಲ್ಲಾ ಕೋಲೆಸ್ಟನ್‌ನಲ್ಲಿ ಅದೇ 4 ಕೆಂಪು. ಶ್ವಾರ್ಜ್‌ಕೋಫ್ ಇಗೋರಾದಲ್ಲಿ ಅದೇ 4 ಬೇಜ್, ತಾಮ್ರ ಬೇಕಿದ್ದರೆ ಅಲ್ಲಿ 7 ಹುಡುಕಬೇಕು. ನಾನು ಬಿಟ್ಟದ್ದೂ ಹಿಡಿದದ್ದೂ ಈ ಮೂರರಲ್ಲಿ ಯಾವುದೂ ಅಲ್ಲ, ಆದರೆ ಅವೆರಡರ ನಡುವೆಯೂ ಇಂಥದ್ದೇ ಅಂತರವಿದೆ. ಹನ್ನೊಂದು ವರ್ಷಗಳಲ್ಲಿ ಈ ಅಂಕೆಗಳನ್ನು ನಾನು ಓದುವುದನ್ನೇ ಬಿಟ್ಟಿದ್ದೆ. ಗಿರಾಕಿ ಕುರ್ಚಿಯಲ್ಲಿ ಕುಳಿತು ಹೆರಳು ಬಿಚ್ಚುವಷ್ಟರಲ್ಲಿ ಕೈ ತಾನಾಗಿ ಕಪಾಟಿನ ಎರಡನೆಯ ಅಂಕಣಕ್ಕೆ ಹೋಗುತ್ತಿತ್ತು. ಆ ಕೈಯ ನೆನಪೇ ಶತ್ರುವಾಯಿತು. ಬದಲಾದ ಮೂರನೆಯ ವಾರದಲ್ಲಿ, ಹಳೆಯ ಗಿರಾಕಿಯೊಬ್ಬರಿಗೆ ಹಳೆಯ ಲೆಕ್ಕದಂತೆ 5.5 ಕಲೆಸಿದೆ. ನನ್ನ ಮನಸ್ಸಿನಲ್ಲಿದ್ದದ್ದು ಮಹಾಗನಿ. ಹೊಸ ಶ್ರೇಣಿಯಲ್ಲಿ ಚುಕ್ಕೆಯ ನಂತರದ 5 ಹೊಂಬಣ್ಣದ ಛಾಯೆ. ಮಗನ ನಿಶ್ಚಿತಾರ್ಥಕ್ಕೆಂದು ವೈನ್ ಬಣ್ಣ ಬಯಸಿ ಬಂದವರು ಬೆಲ್ಲದ ಬಣ್ಣದ ಕೂದಲಿನೊಂದಿಗೆ ಕನ್ನಡಿ ನೋಡಿಕೊಂಡರು. ತಪ್ಪು ಪೂರ್ತಿಯಾಗಿ ನನ್ನದು. ಮರುದಿನ ಹಣ ತೆಗೆದುಕೊಳ್ಳದೆ ಸರಿಪಡಿಸಿದೆ, ಅಂದು ಸಂಜೆಯೇ ಹಳೆಯ ಶೇಡ್ ಕಾರ್ಡನ್ನು ಗೋಡೆಯಿಂದ ಕಿತ್ತು ಅಟ್ಟಕ್ಕೆ ಹಾಕಿದೆ. ಎರಡೂ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ‘ಇದಕ್ಕೆ ಅದು’ ಎಂದು ಲೆಕ್ಕ ಹಾಕುತ್ತ ಕೂತರೆ ಹೊಸ ಭಾಷೆ ಎಂದಿಗೂ ಬಾಯಿಗೆ ಬರುವುದಿಲ್ಲ.

ಅದಕ್ಕಿಂತ ಉಪಯೋಗಕ್ಕೆ ಬಂದದ್ದು ನೆಲದ ಮೇಲಿನ ಕೂದಲು. ಆಷಾಢದ ಆ ಬಿಡುವಿನಲ್ಲಿ, ಕತ್ತರಿಸಿ ಬಿದ್ದ ಕೂದಲನ್ನು ಗಿರಾಕಿಗಳ ಒಪ್ಪಿಗೆ ಪಡೆದು ಎತ್ತಿಟ್ಟು, ತೊಳೆದು, ದಾರದಿಂದ ಬೆರಳುದ್ದದ ಎಳೆಗಳಾಗಿ ಕಟ್ಟಿದೆವು: ಬಣ್ಣ ಕಾಣದ ಕಪ್ಪು, ಪೂರ್ತಿ ನರೆತದ್ದು, ಅರ್ಧ ನರೆತದ್ದು, ಮದರಂಗಿ ಹಚ್ಚಿದ್ದು. ಹೊಸ ಶ್ರೇಣಿಯಲ್ಲಿ ನಾವು ನಿಜವಾಗಿ ಬಳಸುವ ಹದಿನಾಲ್ಕು ಬಣ್ಣಗಳನ್ನು ಈ ನಾಲ್ಕೂ ಬಗೆಯ ಎಳೆಗಳ ಮೇಲೆ ಹಚ್ಚಿ, ರಟ್ಟಿನ ಹಾಳೆಗೆ ಅಂಟಿಸಿದೆವು. ಕಂಪನಿಯ ಶೇಡ್ ಕಾರ್ಡಿನಲ್ಲಿರುವುದು ಬಿಳಿ ನೈಲಾನ್ ಎಳೆಗಳು. ನಮ್ಮ ಕುರ್ಚಿಯಲ್ಲಿ ಕೂರುವವರ ಸಹಜ ಕೂದಲು 2ರಿಂದ 3ರ ಆಳದ್ದು. ಕಾರ್ಡಿನಲ್ಲಿ ಹೊಳೆಯುವ 6ನೆಯ ಆಳದ ಬೂದುಗಂದು ನಮ್ಮ ಕೂದಲಿನ ಮೇಲೆ ಬಿಸಿಲಿಗೆ ನಿಂತಾಗ ಮಾತ್ರ ಕಾಣುವ ನಸುಗಂದು. ಈಗ ಗಿರಾಕಿಗಳಿಗೆ ತೋರಿಸುವುದು ಆ ರಟ್ಟನ್ನೇ, ಕಾರ್ಡನ್ನಲ್ಲ.

ಇನ್ನು ಬಿಳಿ ಕೂದಲು. ಮೆಟ್ರೋ ನಗರಗಳ ಸಲೂನ್‌ಗಳಲ್ಲಿ ಕಲರ್ ಎಂದರೆ ಕೆಲವು ಎಳೆಗಳನ್ನಷ್ಟೇ ತಿಳಿಗೊಳಿಸುವ ಹೈಲೈಟ್ಸ್, ಬಾಲಯಾಜ್ ಇರಬಹುದು. ನಮ್ಮಲ್ಲಿ ಬರುವ ಹತ್ತು ಜನರಲ್ಲಿ ಏಳು ಜನ ನರೆ ಮುಚ್ಚಿಸಿಕೊಳ್ಳಲು ಬರುವವರು, ಆದ್ದರಿಂದ ನನ್ನ ತೀರ್ಪು ನಿಲ್ಲುವುದೂ ಬೀಳುವುದೂ ಇಲ್ಲಿಯೇ. ನೆತ್ತಿಯ ಮತ್ತು ಹಿಂಭಾಗದ ಮೆದು ನರೆಯನ್ನು ಹೊಸ ಶ್ರೇಣಿ 35 ನಿಮಿಷಗಳಲ್ಲಿ ಹಳೆಯದಕ್ಕಿಂತ ಚೆನ್ನಾಗಿ ಮುಚ್ಚುತ್ತದೆ ಎಂದೇ ಹೇಳಬೇಕು. ಬಣ್ಣ ಹಚ್ಚಿದಂತೆ ಮಂಕಾಗಿ ಕಾಣದೆ, ಒಳಗಿನಿಂದ ಬಂದಂತೆ ಹೊಳೆಯುತ್ತದೆ. ಕೆನ್ನೆಪಕ್ಕದ, ಹಣೆಯಂಚಿನ, ತಂತಿಯಂತೆ ಒರಟಾದ ನರೆಯ ಕಥೆ ಬೇರೆ. ಮೊದಲ ತಿಂಗಳು ಅಲ್ಲಿ ಬಣ್ಣ ಗಾಜಿನಂತೆ ನಿಂತಿತ್ತು: ಇದೆ ಅಂದರೆ ಇದೆ, ಆದರೆ ಕೆಳಗಿನ ಬಿಳುಪು ಇಣುಕುತ್ತಿತ್ತು. ತಪ್ಪು ಹುಡುಕುತ್ತ ಹೋದಾಗ ಮೂರು ವಿಷಯ ಸಿಕ್ಕವು. ಹಳೆಯ ರೂಢಿಯಂತೆ ನಾನು ಹಿಂಭಾಗದಿಂದ ಹಚ್ಚಲು ಆರಂಭಿಸಿ ಹಣೆಯಂಚಿಗೆ ಕೊನೆಯಲ್ಲಿ ಬರುತ್ತಿದ್ದೆ. ಒರಟು ನರೆಗೆ ಅತಿ ಹೆಚ್ಚು ಸಮಯ ಬೇಕಿರುವಾಗ ಅದಕ್ಕೇ ಅತಿ ಕಡಿಮೆ ಸಿಗುತ್ತಿತ್ತು. ಎರಡನೆಯದಾಗಿ, ಕೂದಲಿಗೆ ಮೃದುವಾಗಿರಲಿ ಎಂದು 10 ವಾಲ್ಯೂಮ್ ಡೆವಲಪರ್, ಅಂದರೆ ಬಣ್ಣದ ಕ್ರೀಮಿಗೆ ಬೆರೆಸುವ ಶೇಕಡಾ 3ರ ಪೆರಾಕ್ಸೈಡ್ ದ್ರಾವಣ ಬಳಸಿದ್ದೆ. ನರೆಗೆ 20 ವಾಲ್ಯೂಮೇ ಬೇಕು. ಮೂರನೆಯದಾಗಿ, ಕೆಂಪು, ತಾಮ್ರದಂಥ ಫ್ಯಾಷನ್ ಛಾಯೆಗಳಿಗೆ ಸಹಜ ಛಾಯೆಯ ಟ್ಯೂಬನ್ನು ಸಾಕಷ್ಟು ಬೆರೆಸುತ್ತಿರಲಿಲ್ಲ. ನರೆ ಅರ್ಧಕ್ಕಿಂತ ಹೆಚ್ಚಿದ್ದರೆ ಸಹಜ ಛಾಯೆ ಅರ್ಧ, ಬಯಸಿದ ಛಾಯೆ ಅರ್ಧ ಎಂಬುದು ಹಳೆಯ ಪಾಠ. ಹಳೆಯ ಶ್ರೇಣಿ ಅದನ್ನು ಮರೆತರೂ ಸಹಿಸಿಕೊಳ್ಳುತ್ತಿತ್ತು, ಇದು ಸಹಿಸುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ನಾಲ್ಕೈದು ಗಿರಾಕಿಗಳ ಕೆನ್ನೆಪಕ್ಕ ಬಗ್ಗಲಿಲ್ಲ. ಅವರಿಗೆ ಬಣ್ಣಕ್ಕೆ ಮೊದಲು ಬರೀ 20 ವಾಲ್ಯೂಮ್ ಡೆವಲಪರನ್ನು ಹತ್ತು ನಿಮಿಷ ಹಚ್ಚಿಟ್ಟು, ಒರೆಸಿ ಒಣಗಿಸಿ, ಆಮೇಲೆ ಬಣ್ಣ ಹಚ್ಚುತ್ತೇನೆ. ಹದಿನೈದು ನಿಮಿಷ ಹೆಚ್ಚು ಬೇಕು, ಫಲಿತಾಂಶ ಖಚಿತ. ಶನಿವಾರ ಸಂಜೆ ಹೊರಗೆ ಮೂವರು ಕಾಯುತ್ತಿರುವಾಗ ಆ ಹದಿನೈದು ನಿಮಿಷದ ಬೆಲೆ ಏನೆಂದು ಪಾರ್ಲರ್ ನಡೆಸುವವರಿಗೆ ಗೊತ್ತು.

ಒಂದು ಅನಿರೀಕ್ಷಿತ ಅನುಕೂಲವನ್ನು ಇಲ್ಲೇ ಹೇಳಿಬಿಡಬೇಕು. ನಮ್ಮ ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಹಳೆಯ ಕ್ರೀಮು ಇಪ್ಪತ್ತು ನಿಮಿಷಕ್ಕೆ ಒಣಗಿ ಸಿಪ್ಪೆಯಾಗುತ್ತಿತ್ತು, ಒಣಗಿದ ಬಣ್ಣ ಅಲ್ಲಿಗೆ ಕೆಲಸ ನಿಲ್ಲಿಸುತ್ತದೆ. ಎಣ್ಣೆ ಹೆಚ್ಚಿರುವ ಈ ಮಿಶ್ರಣ ಕೊನೆಯವರೆಗೂ ಹಸಿಯಾಗಿಯೇ ಇರುತ್ತದೆ. ಆದರೆ ತೆಳುವಾಗಿರುವುದರಿಂದ ಬ್ರಷ್ಷಿನಲ್ಲಿ ಹೆಚ್ಚು ಎತ್ತಿಕೊಂಡರೆ ಕಿವಿಯ ಹಿಂದೆ ಇಳಿಯುತ್ತದೆ.

ಸಹಜ ಬಣ್ಣವನ್ನು ತಿಳಿಗೊಳಿಸುವ ಶಕ್ತಿಯಲ್ಲಿ ಅಮೋನಿಯಾದ ಟ್ಯೂಬೇ ಮುಂದೆ; 30 ವಾಲ್ಯೂಮ್‌ನಲ್ಲಿ ಹಳೆಯದು ಆಳದ ಅಂಕೆಯಲ್ಲಿ ಅರ್ಧ ಅಂಕೆಯಷ್ಟು ಹೆಚ್ಚು ತಿಳಿಗೊಳಿಸುತ್ತಿತ್ತು. ಜೇನಿನ, ಕ್ಯಾರಮೆಲ್ಲಿನ ಹೈಲೈಟ್ಸ್ ಬೇಕೆನ್ನುವವರಿಗೆ ಎರಡರಲ್ಲೂ ಬ್ಲೀಚ್ ಪೌಡರ್ ಬೇಕೇ ಬೇಕು, ಹೀಗಾಗಿ ನನಗೆ ಇದೊಂದು ಕೊರತೆಯಾಗಿ ಕಾಡಿಲ್ಲ.

ಮದರಂಗಿ ಹಚ್ಚಿದ ತಲೆಗಳು ನಮ್ಮ ಭಾಗದ ಯಾವ ಕಲರಿಸ್ಟಿಗೂ ತಪ್ಪಿದ್ದಲ್ಲ. ಶುದ್ಧ ಮದರಂಗಿಯ ಮೇಲೆ ಹೊಸ ಶ್ರೇಣಿಯ ಬೂದುಛಾಯೆಗಳು ಕಿತ್ತಳೆಯನ್ನು ಹಳೆಯದಕ್ಕಿಂತ ಚೆನ್ನಾಗಿ ತಗ್ಗಿಸುತ್ತವೆ, ಅದು ರಟ್ಟಿನ ಹಾಳೆಯಲ್ಲೂ ಕಾಣುತ್ತದೆ. ತೊಂದರೆ ಇರುವುದು ‘ಕಪ್ಪು ಮೆಹೆಂದಿ’ ಎಂದು ಮಾರುವ ಪುಡಿಗಳದು. ಕೆಲವದರಲ್ಲಿ ಲೋಹದ ಲವಣಗಳಿರುತ್ತವೆ, ಅವು ಪೆರಾಕ್ಸೈಡ್ ತಾಗಿದರೆ ಕೂದಲನ್ನೇ ಬಿಸಿಯಾಗಿಸುತ್ತವೆ. ಇನ್ನು ಕೆಲವದರಲ್ಲಿ ಪ್ಯಾರಾಫಿನೈಲೀನ್‌ಡೈಅಮೀನ್ ಎಂಬ ಬಣ್ಣದ ಮೂಲವಸ್ತು ಇದ್ದು, ಒಮ್ಮೆ ಅದಕ್ಕೆ ಅಲರ್ಜಿ ಹುಟ್ಟಿತೆಂದರೆ ಮುಂದೆ ಶಾಶ್ವತ ಬಣ್ಣಗಳಲ್ಲಿ ಹೆಚ್ಚಿನವು ಆ ವ್ಯಕ್ತಿಗೆ ಸುರಕ್ಷಿತವಲ್ಲ. ಹೊಸ ಶ್ರೇಣಿ ಅದರ ಬದಲು ಟೊಲ್ಯುಯೀನ್‌ಡೈಅಮೀನ್ ಬಳಸುತ್ತದೆ, ಆದರೆ ಒಂದಕ್ಕೆ ಅಲರ್ಜಿ ಇರುವ ಎಷ್ಟೋ ಜನರಿಗೆ ಇನ್ನೊಂದೂ ಆಗುವುದಿಲ್ಲ. ಆದ್ದರಿಂದ ಹತ್ತು ವರ್ಷದ ಹಳೆಯ ಗಿರಾಕಿಗೂ, ಶ್ರೇಣಿ ಬದಲಾದ ನಂತರದ ಮೊದಲ ಸಲ, 48 ಗಂಟೆ ಮುಂಚಿತವಾಗಿ ಕಿವಿಯ ಹಿಂದೆ ಸ್ವಲ್ಪ ಬಣ್ಣ ಹಚ್ಚಿ ನೋಡುವ ಪ್ಯಾಚ್ ಟೆಸ್ಟ್ ಮಾಡಿಯೇ ಕರೆದೆ. ಇಬ್ಬರು ಬೇಸರಪಟ್ಟು ಬೇರೆ ಪಾರ್ಲರಿಗೆ ಹೋದರು. ಒಬ್ಬರಿಗೆ ಎರಡನೆಯ ದಿನ ಕಿವಿಯ ಹಿಂದೆ ಕೆಂಪು ಗುಳ್ಳೆಗಳೆದ್ದವು.

ನೀರಿನ ಮಾತನ್ನು ಕಂಪನಿಯ ತರಬೇತಿಯಲ್ಲಿ ಯಾರೂ ಆಡಲಿಲ್ಲ. ಮಲಪ್ರಭೆಯ ನೀರು ನಮಗೆ ದಿನ ಬಿಟ್ಟು ದಿನವೂ ಬರುವುದಿಲ್ಲ. ನಡುವಿನ ದಿನಗಳಲ್ಲಿ ಬೋರ್‌ವೆಲ್‌ನ ಗಡಸು ನೀರೇ ಗತಿ. ಗಡಸು ನೀರಿನ ಪದರ ಕೂತ ಕೂದಲಿನಲ್ಲಿ ಹೊಸ ಬಣ್ಣ ಅಲ್ಲಲ್ಲಿ ಚೆಲ್ಲಿದಂತೆ ಹಿಡಿಯುವುದನ್ನು ಕಂಡೆ. ಈಗ ಬಣ್ಣಕ್ಕೆ ಮೊದಲು ಆ ಪದರ ತೆಗೆಯುವ ಕ್ಲಾರಿಫೈಯಿಂಗ್ ಶಾಂಪೂ, ಕೊನೆಯ ತೊಳೆತಕ್ಕೆ ಡ್ರಮ್ಮಿನಲ್ಲಿ ಹಿಡಿದಿಟ್ಟ ಮಲಪ್ರಭೆಯ ನೀರು. ಆಗಿನಿಂದ ಆ ದೂರು ಇಲ್ಲ.

ದುಡ್ಡಿನ ಲೆಕ್ಕದಲ್ಲಿ ವಿತರಕರು ಟ್ಯೂಬಿನ ಬೆಲೆಯನ್ನು ಮಾತ್ರ ಹೇಳುತ್ತಾರೆ. ನೋಡಬೇಕಾದದ್ದು ಮಿಶ್ರಣದ ಪ್ರಮಾಣವನ್ನು. ಹಳೆಯದು ಒಂದು ಪಾಲು ಕ್ರೀಮಿಗೆ ಒಂದೂವರೆ ಪಾಲು ಡೆವಲಪರ್, ಹೊಸದು ಸಮಪಾಲು. ಎರಡೂ 60 ಗ್ರಾಂ ಟ್ಯೂಬುಗಳೇ ಆದರೂ ಹಳೆಯದರಿಂದ 150 ಗ್ರಾಂ, ಹೊಸದರಿಂದ 120 ಗ್ರಾಂ ಮಿಶ್ರಣವಷ್ಟೇ ಸಿಗುತ್ತದೆ. ಬುಡದಲ್ಲಿ ಹೊಸದಾಗಿ ಬೆಳೆದ ಕೂದಲಿಗಷ್ಟೇ ಬಣ್ಣ ಹಚ್ಚುವ ಒಂದು ರೂಟ್ ಟಚ್‌ಅಪ್‌ಗೆ 60 ಗ್ರಾಂ ಮಿಶ್ರಣ ಎಂದಿಟ್ಟುಕೊಂಡರೆ, ಹಳೆಯ 330 ರೂಪಾಯಿಯ ಟ್ಯೂಬಿನಿಂದ 24 ಗ್ರಾಂ, ಅಂದರೆ 132 ರೂಪಾಯಿ. ಹೊಸ 390 ರೂಪಾಯಿಯ ಟ್ಯೂಬಿನಿಂದ 30 ಗ್ರಾಂ, ಅಂದರೆ 195 ರೂಪಾಯಿ. ಡೆವಲಪರಿನ ಖರ್ಚು ಎರಡಕ್ಕೂ ಹೆಚ್ಚುಕಡಿಮೆ 18 ರೂಪಾಯಿ. ಟ್ಯೂಬಿನ ಮೇಲೆ 60 ರೂಪಾಯಿಯ ವ್ಯತ್ಯಾಸ, ಪ್ರತಿ ತಲೆಯ ಮೇಲೂ ಹೆಚ್ಚುಕಡಿಮೆ ಅಷ್ಟೇ ವ್ಯತ್ಯಾಸ! ನಾನು ದರವನ್ನು 100 ರೂಪಾಯಿ ಏರಿಸಿದೆ, ಮತ್ತು ಕಣ್ಣಳತೆ ಬಿಟ್ಟು ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಪಾರ್ಲರಿಗೆ ತಂದೆ. ಬಟ್ಟಲಿನ ತಳದಲ್ಲಿ ಎಸೆಯುತ್ತಿದ್ದ ಬಣ್ಣ ಎಷ್ಟೆಂದು ಆಗಲೇ ತಿಳಿದದ್ದು. ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ನನ್ನ ದೊಡ್ಡ ಅಸಮಾಧಾನ ಬಣ್ಣದ ಮೇಲಲ್ಲ, ಪೂರೈಕೆಯ ಮೇಲೆ. ಕಾರ್ತಿಕದ ಮದುವೆಗಳ ನಡುವೆ ನಾವು ಅತಿ ಹೆಚ್ಚು ಬಳಸುವ 4ನೆಯ ಆಳದ ಸಹಜ ಛಾಯೆ ಮೂರು ವಾರ ಸಿಗಲಿಲ್ಲ. ವಿತರಕರು ಫೋನಿನಲ್ಲಿ ಪ್ರತಿದಿನ “ನಾಳೆ ಬರ್ತೈತ್ರಿ” ಎಂದರು. 3ನ್ನೂ 5ನ್ನೂ ಸಮನಾಗಿ ಬೆರೆಸಿ 4 ಮಾಡಿಕೊಂಡೆ. ಅದು ಸರಿಯೇ ಬಂದಿತು, ಆದರೆ ಒಂದರ ಬದಲು ಎರಡು ಟ್ಯೂಬು ಒಡೆಯಬೇಕಾಯಿತು. ಬದಲಾಗಬೇಕೆಂದಿರುವವರು ಕಂಪನಿಯವರ ಡೆಮೊ ನೋಡುವುದಕ್ಕಿಂತ ಮೊದಲು ತಮ್ಮ ಊರಿನ ವಿತರಕರ ಗೋದಾಮಿನಲ್ಲಿ ಸಹಜ ಛಾಯೆಗಳ ಎಷ್ಟು ಡಬ್ಬಿಗಳಿವೆ ಎಂದು ನೋಡಿಕೊಂಡು ಬರಲಿ. ಎರಡು ದಿನದ ಉಚಿತ ತರಬೇತಿಯಂತೂ ಬಹುಪಾಲು ತಿಳಿಹೊಂಬಣ್ಣದ ತಲೆಗಳ ವಿಡಿಯೋಗಳಲ್ಲೇ ಕಳೆಯಿತು.

ಬಣ್ಣ ಉಳಿಯುವ ವಿಷಯದಲ್ಲಿ, ಕಂದು ಛಾಯೆಗಳು ಆರನೆಯ ವಾರದವರೆಗೂ ಹಳೆಯವುಗಳಂತೆ ಕೆಂಪಗೆ ತಿರುಗದೆ ತಣ್ಣಗೆ ಮಾಸುತ್ತವೆ, ಇದು ನನಗೆ ಬಹಳ ಮೆಚ್ಚಿಗೆಯಾದ ಗುಣ. ಕೆಂಪು ಮತ್ತು ಮಹಾಗನಿಗಳು ಮೂರನೆಯ ವಾರಕ್ಕೇ ಸೊರಗುತ್ತವೆ. ಕೆಂಪು ಯಾವ ಶ್ರೇಣಿಯಲ್ಲಾದರೂ ಬೇಗ ಮಾಸುವುದೇ, ಆದರೆ ಇದರಲ್ಲಿ ಇನ್ನೂ ಬೇಗ.

ಹೀಗಾಗಿ ಈಗ ಕಪಾಟಿನಲ್ಲಿ ಮೇಲಿನ ಮೂರು ಅಂಕಣ ಹೊಸ ಶ್ರೇಣಿಯದು. ಕೆಳಗಿನ ಅಂಕಣದಲ್ಲಿ ಹಳೆಯ ಶ್ರೇಣಿಯ ಎರಡು ಕೆಂಪು, ಒಂದು ಮಹಾಗನಿ ಮತ್ತು ಹಟಮಾರಿ ಕೆನ್ನೆಪಕ್ಕಗಳಿಗಾಗಿ 4ರ ಸಹಜ ಛಾಯೆ ಉಳಿದಿವೆ. ಅವುಗಳ ಮುಚ್ಚಳಕ್ಕೆ ಸಹಾಯಕಿ ಕೆಂಪು ಟೇಪು ಸುತ್ತಿದ್ದಾಳೆ, ನನ್ನ ಕೈ ಮತ್ತೆ ತಾನಾಗಿ ಅತ್ತ ಹೋಗದಿರಲಿ ಎಂದು.