ದಾಖಲೆಯಿಲ್ಲದ ಹಳೇ ಡೇಟಾಬೇಸ್‌ಗೆ ಯಾವ ಟೂಲ್? ವರ್ಕ್‌ಬೆಂಚ್, ಸ್ಕೀಮಾಸ್ಪೈ, ಟಿಬಿಎಲ್‌ಎಸ್

ಬಂದವರೆಲ್ಲ ತಮಗೆ ಬೇಕಾದ ಟೇಬಲ್ ಸೇರಿಸುತ್ತಾ ಬೆಳೆಸಿದ ಬಿಲ್ಲಿಂಗ್ ಡೇಟಾಬೇಸ್ ಅದು. ಮೈಎಸ್‌ಕ್ಯೂಎಲ್. ಯಾವ ಕಾಲಂ ಯಾಕಿದೆ ಅಂತ ಯಾರೂ ಬರೆದಿಟ್ಟಿರಲಿಲ್ಲ. ಡೇಟಾಬೇಸ್‌ನ ರಚನೆ ಓದಿ ತೋರಿಸುವ ಮೂರು ಉಚಿತ ಟೂಲ್‌ಗಳನ್ನು ಅದರ ಮೇಲೆ ಓಡಿಸಿ ನೋಡಿದೆ.

ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್‌ನಲ್ಲಿ ರಿವರ್ಸ್ ಎಂಜಿನಿಯರ್ ಕೊಟ್ಟರೆ ಟೇಬಲ್‌ಗಳ ಚಿತ್ರ ಬೇಗ ಬರುತ್ತದೆ. ಆದರೆ ಬರೀ ಚೌಕಗಳು, ನಡುವೆ ಒಂದೂ ಗೆರೆ ಇಲ್ಲ! ಟೇಬಲ್‌ಗಳೆಲ್ಲ ಮೈಐಸ್ಯಾಮ್ ಎಂಬ ಹಳೇ ಸ್ಟೋರೇಜ್ ಎಂಜಿನ್‌ನಲ್ಲಿದ್ದವು. ಮೈಎಸ್‌ಕ್ಯೂಎಲ್ 5.5ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಅದೇ ಡೀಫಾಲ್ಟ್. ಅದಕ್ಕೆ ಫಾರಿನ್ ಕೀ, ಅಂದರೆ ಒಂದು ಟೇಬಲ್ ಇನ್ನೊಂದಕ್ಕೆ ಸೇರಿದ್ದು ಅಂತ ಹೇಳುವ ನಿಯಮ, ಬರೆದುಕೊಟ್ಟರೂ ತಕರಾರಿಲ್ಲದೆ ಒಪ್ಪಿಕೊಂಡು ಕೈಬಿಡುತ್ತದೆ. ಡೇಟಾಬೇಸ್‌ಗೇ ಗೊತ್ತಿಲ್ಲದ ಸಂಬಂಧವನ್ನು ವರ್ಕ್‌ಬೆಂಚ್ ಎಲ್ಲಿಂದ ತರಬೇಕು?

ಸ್ಕೀಮಾಸ್ಪೈ ಇಲ್ಲೇ ಗೆದ್ದಿತು. ಜಾವಾ, ಜೊತೆಗೆ ಮೈಎಸ್‌ಕ್ಯೂಎಲ್‌ನ ಜಾವಾ ಡ್ರೈವರ್ ಇದ್ದರೆ ಸಾಕು, ಬ್ರೌಸರ್‌ನಲ್ಲಿ ತೆರೆಯುವ ಪುಟಗಳನ್ನು ಕೊಡುತ್ತದೆ. ಒಂದು ಟೇಬಲ್‌ನ ಪ್ರೈಮರಿ ಕೀ (ಪ್ರತಿ ಸಾಲನ್ನೂ ಗುರುತಿಸುವ ಕಾಲಂ) ಹೆಸರು, ಟೈಪ್ ಇನ್ನೊಂದರ ಕಾಲಂಗೆ ಹೊಂದಿದರೆ ಸಂಬಂಧ ಇರಬಹುದು ಅಂತ ಊಹಿಸುತ್ತದೆ. ಎಲ್ಲಾ ಕಡೆ ಕೀ ಹೆಸರು ಬರೀ 'ಐಡಿ' ಅಂತಿದ್ದರೆ ಈ ಊಹೆ ಕೆಲಸ ಮಾಡಲ್ಲ. ಆಗ ರೇಲ್ಸ್ ಎಂಬ ವೆಬ್ ಫ್ರೇಮ್‌ವರ್ಕ್‌ನ ಪದ್ಧತಿಯ ಹೆಸರುಗಳನ್ನು ಹುಡುಕುವ ಆಯ್ಕೆ ಹಾಕಬೇಕು. ಹಾಗಂತ ಊಹೆಯನ್ನೇ ನಂಬಬೇಡಿ. ಪ್ರತಿಯೊಂದಕ್ಕೂ ಒಂದು ಲೆಫ್ಟ್ ಜಾಯಿನ್ (ಎರಡು ಟೇಬಲ್ ಜೋಡಿಸುವ ಕ್ವೆರಿ) ಓಡಿಸಿ, ಜೋಡಿಯಿಲ್ಲದ ಸಾಲು ಎಷ್ಟಿವೆ ನೋಡಿ. ತುಂಬಾ ಜಾಸ್ತಿ ಇದ್ದರೆ ಅದು ಹೆಸರಿನ ಹೋಲಿಕೆ ಅಷ್ಟೇ ಇರಬಹುದು.

ಟಿಬಿಎಲ್‌ಎಸ್ ನೋಡೋಕೆ ಸಪ್ಪೆ. ಟೇಬಲ್‌ಗೊಂದು ಮಾರ್ಕ್‌ಡೌನ್ (ಸರಳ ಪಠ್ಯ) ಫೈಲ್, ಜೊತೆಗೊಂದು ಚಿತ್ರ ಬರೆದು ಸುಮ್ಮನಾಗುತ್ತದೆ. ಆದರೂ ಕೊನೆಗೆ ನಾನು ಉಳಿಸಿಕೊಂಡಿದ್ದು ಇದನ್ನೇ. ಫೈಲ್‌ಗಳು ಬದಲಾವಣೆಗಳ ಲೆಕ್ಕವಿಡುವ ಗಿಟ್‌ನಲ್ಲಿ ಕೂರುತ್ತವೆ. ಖಾತ್ರಿಯಾದ ಸಂಬಂಧಗಳನ್ನೂ ವಿವರಣೆಗಳನ್ನೂ ಒಂದು ಯಾಮಲ್ (ಸೆಟ್ಟಿಂಗ್ಸ್) ಫೈಲ್‌ನಲ್ಲಿ ಬರೆದರಾಯಿತು, ಡೇಟಾಬೇಸ್ ಮುಟ್ಟಬೇಕಾಗಿಲ್ಲ. ಇದು ಸಣ್ಣ ಮಾತಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಕಾಲಂಗೆ ಕಾಮೆಂಟ್ ಹಾಕಬೇಕೆಂದರೆ ಆಲ್ಟರ್ ಟೇಬಲ್‌ನಲ್ಲಿ ಅದರ ಟೈಪ್, ಡೀಫಾಲ್ಟ್ ಎಲ್ಲವನ್ನೂ ಮತ್ತೆ ಬರೆಯಬೇಕು. 'ನಾಟ್ ನಲ್' (ಖಾಲಿ ಬಿಡುವಂತಿಲ್ಲ ಎಂಬ ನಿಯಮ) ಬರೆಯಲು ಮರೆತರೆ ಅದೂ ಹೋಯಿತು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಇದಕ್ಕೆ ಬೇರೆ ಆಜ್ಞೆಯೇ ಇದೆ, ಅಲ್ಲಿ ನಾನು ಕಾಮೆಂಟನ್ನು ಡೇಟಾಬೇಸ್‌ನೊಳಗೇ ಇಡುತ್ತೇನೆ.

ಸ್ಟೇಟಸ್ ಕಾಲಂನಲ್ಲಿ 7 ಅಂದರೆ ಉದ್ರಿ ಬಿಲ್ ಅಂತ ಮಾತ್ರ ಮೂರರಲ್ಲಿ ಯಾವುದೂ ಹೇಳಲಿಲ್ಲ. ಅದನ್ನು ಹೇಳಿದ್ದು ಕ್ಯಾಷ್ ಕೌಂಟರ್‌ನವರು. ಈಗ ಅದು ಯಾಮಲ್‌ನಲ್ಲಿದೆ. ಯಾರಾದರೂ ಹೇಳದೆ ಕೇಳದೆ ಕಾಲಂ ಸೇರಿಸಿದರೆ ಫೈಲ್‌ಗಳನ್ನು ಡೇಟಾಬೇಸ್ ಜೊತೆ ಹೋಲಿಸುವ ಟಿಬಿಎಲ್‌ಎಸ್‌ನ ಡಿಫ್ ಆಜ್ಞೆ ಬಿಲ್ಡ್ ನಿಲ್ಲಿಸುತ್ತದೆ. ಹೊಸಬರಿಗೆ ತೋರಿಸೋಕೆ ಸ್ಕೀಮಾಸ್ಪೈ ಪುಟಗಳನ್ನೂ ಇಟ್ಟಿದ್ದೇನೆ. ವರ್ಕ್‌ಬೆಂಚ್ ಈಗ ಕ್ವೆರಿ ಓಡಿಸೋಕೆ ಮಾತ್ರ.