ಹದಿನೈದು ಸಾವಿರದೊಳಗೆ ಕಚೇರಿಗೊಂದು ಸೈಕಲ್: ಮೂರು ಬಗೆಗಳ ವಿಮರ್ಶೆ

ಮೈಸೂರಿನ ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶದವರೆಗೆ ದಿನವೂ ಹೋಗಿಬರಲು, ಮಳೆಗಾಲದಲ್ಲೂ ಮೂಲೆಗೆ ನಿಲ್ಲಿಸದೆ ಬಳಸಲು, ಊಟದ ಡಬ್ಬಿಯನ್ನೂ ಲ್ಯಾಪ್‌ಟಾಪನ್ನೂ ಬೆನ್ನಿಗೇರಿಸದೆ ಹಿಂದೆ ಕಟ್ಟಿಕೊಂಡು ಹೋಗಲು ಒಂದು ಸೈಕಲ್ ಬೇಕಿತ್ತು. ಬೀಗ, ದೀಪ, ಮಡ್‌ಗಾರ್ಡ್ ಎಲ್ಲವೂ ಸೇರಿ ಖರ್ಚು ಹದಿನೈದು ಸಾವಿರ ರೂಪಾಯಿ ದಾಟಬಾರದೆಂಬುದು ನಾನೇ ಹಾಕಿಕೊಂಡ ಮಿತಿ. ಈ ಅಗತ್ಯವನ್ನು ಮುಂದಿಟ್ಟುಕೊಂಡು ಊರಿನ ಅಂಗಡಿಗಳಲ್ಲಿ ಈ ಬೆಲೆಗೆ ಸಿಗುವ ಮೂರು ಬಗೆಯ ಸೈಕಲ್‌ಗಳನ್ನು ನೋಡಿ, ಓಡಿಸಿ, ರಿಪೇರಿಯವರನ್ನು ವಿಚಾರಿಸಿ ಈ ವಿಮರ್ಶೆ ಬರೆದಿದ್ದೇನೆ. ವಾರಾಂತ್ಯದಲ್ಲಿ ಚಾಮುಂಡಿ ಬೆಟ್ಟ ಹತ್ತುವವರಿಗೆ ಬೇಕಾದ ಸೈಕಲ್ಲೇ ಬೇರೆ; ಅದರ ಮಾತು ಇಲ್ಲಿಲ್ಲ.

ಮೊದಲಿಗೆ ನಮ್ಮ ತಂದೆಯವರ ಕಾಲದಿಂದ ಹೆಚ್ಚೇನೂ ಬದಲಾಗದ, ಬಾರ್ ಇರುವ ಕಪ್ಪು ಸೈಕಲ್. ಲೂಧಿಯಾನದ ಹೀರೊ ಮತ್ತು ಏವನ್, ಚೆನ್ನೈನ ಮುರುಗಪ್ಪ ಬಳಗದ ಹರ್ಕ್ಯುಲಿಸ್ ಮುಂತಾದ ಹೆಸರುಗಳಲ್ಲಿ ಇದು ದಶಕಗಳಿಂದ ಮಾರಾಟವಾಗಿದೆ. ಹಾಲಿನವರು, ಪತ್ರಿಕೆ ಹಾಕುವವರು, ಗಾರೆ ಕೆಲಸದವರು ಇಂದಿಗೂ ನಂಬಿರುವುದು ಇದನ್ನೇ ಎಂಬುದನ್ನು ಕೊಳ್ಳುವವರು ಗಮನಿಸಬೇಕು, ಏಕೆಂದರೆ ಸೈಕಲ್ ಕೆಟ್ಟರೆ ಅಂದಿನ ದುಡಿಮೆಯೇ ಕೈಬಿಡುವ ಜನ ಅವರು. ಸುಮಾರು ಆರೇಳು ಸಾವಿರ ರೂಪಾಯಿಗೆ ಮಡ್‌ಗಾರ್ಡ್, ಕ್ಯಾರಿಯರ್, ಎರಡು ಕಾಲಿನ ಸ್ಟ್ಯಾಂಡ್, ಬೆಲ್ಲು, ಚೈನನ್ನು ಪೂರ್ತಿ ಮುಚ್ಚುವ ಕವರ್ ಎಲ್ಲವೂ ಜೊತೆಗೇ ಬರುತ್ತವೆ. ಪ್ಯಾಂಟಿನ ಅಂಚಿಗೆ ಗ್ರೀಸ್ ಅಂಟದೆ ಕಚೇರಿ ತಲುಪುವುದು ಸಣ್ಣ ವಿಷಯವೇನಲ್ಲ. ಬೆನ್ನು ನೆಟ್ಟಗಿಟ್ಟು ಕುಳಿತುಕೊಳ್ಳುವ ಭಂಗಿಯಿಂದಾಗಿ ಮುಂದಿನ ಬಸ್ಸನ್ನೂ ಪಕ್ಕದ ಆಟೊವನ್ನೂ ಕತ್ತು ಎತ್ತದೆ ನೋಡಬಹುದು. ಚಕ್ರಗಳು ದೊಡ್ಡವಾದುದರಿಂದಲೂ, ಎರಡು ಚಕ್ರಗಳ ನಡುವಿನ ಅಂತರ ಹೆಚ್ಚಾದುದರಿಂದಲೂ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಉದ್ದಕ್ಕೆ ಬಾಗಿರುವುದರಿಂದಲೂ ರಸ್ತೆಯ ಗುಂಡಿಗಳ ಪೆಟ್ಟು ಕೈಗೆ ಅಷ್ಟಾಗಿ ತಟ್ಟುವುದಿಲ್ಲ.

ಅದರ ದೋಷಗಳೂ ಅಷ್ಟೇ ಹಳೆಯವು. ತೂಕ ಇಪ್ಪತ್ತು ಕಿಲೋ ಆಸುಪಾಸಿನಲ್ಲಿರುವುದರಿಂದ ಮೊದಲ ಮಹಡಿಯ ಮನೆಗೆ ದಿನವೂ ಹೊತ್ತೊಯ್ಯುವುದು ಆಗದ ಮಾತು. ರಾಡ್ ಬ್ರೇಕಿನ ರಬ್ಬರುಗಳು ಹೊಳಪು ಕೊಟ್ಟ ಉಕ್ಕಿನ ರಿಮ್ಮಿನ ಒಳಮೈಯನ್ನು ಒತ್ತುತ್ತವೆ. ರಿಮ್ಮು ಒದ್ದೆಯಾದರೆ ಆ ಹಿಡಿತ ಬಹಳಷ್ಟು ಕಡಿಮೆಯಾಗುತ್ತದೆ. ಮಳೆಯಲ್ಲಿ ಸಿಗ್ನಲ್ ಕಂಡ ಕೂಡಲೇ ಬ್ರೇಕ್ ಹಿಡಿದು, ಚಕ್ರ ಒಂದೆರಡು ಸುತ್ತು ತಿರುಗಿ ನೀರು ಒರೆಸಿಕೊಳ್ಳುವವರೆಗೆ ಕಾಯುವ ಅಭ್ಯಾಸ ಮಾಡಿಕೊಳ್ಳಬೇಕು. ಪೆಡಲಿನ ಕಾಲನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಸವೆದಾಗ ಪ್ರತಿ ಸುತ್ತಿಗೂ ಕಟಕ್ ಎಂದು ಕೇಳುವ ಸದ್ದು ಈ ಸೈಕಲ್ ತುಳಿದವರೆಲ್ಲರಿಗೂ ಪರಿಚಿತ. ಆದರೆ ಆ ಪಿನ್ನಿಗೆ ಹೆಚ್ಚು ಬೆಲೆಯೂ ಇಲ್ಲ, ಅದನ್ನು ಬದಲಿಸಬಲ್ಲವರಿಗೆ ಯಾವ ಊರಿನಲ್ಲೂ ಕೊರತೆಯಿಲ್ಲ.

ಗೇರ್ ಇಲ್ಲದೆ ಏರು ಹತ್ತುವುದು ಹೇಗೆಂಬ ಅಂಜಿಕೆ ಹಲವರಿಗಿದೆ. ಪೆಡಲಿನ ಕಡೆಯ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು ಇದೆ ಎಂದಿಟ್ಟುಕೊಂಡರೆ, ಪೆಡಲ್ ಒಂದು ಸುತ್ತು ತಿರುಗುವಷ್ಟರಲ್ಲಿ ಸೈಕಲ್ ಸುಮಾರು ಐದೂವರೆ ಮೀಟರಿನಷ್ಟು ಮುಂದೆ ಹೋಗಿರುತ್ತದೆ. ನಿಮಿಷಕ್ಕೆ ಅರವತ್ತು ಸುತ್ತಿನ ನಿಧಾನ ತುಳಿತಕ್ಕೆ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗ ಬರುತ್ತದೆ. ಊರೊಳಗಿನ ಓಡಾಟಕ್ಕೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ಏರು ಕಷ್ಟವೆನಿಸಿದರೆ ಅದೇ ಫ್ರೀವೀಲನ್ನು ತೆಗೆಸಿ 20 ಹಲ್ಲಿನದನ್ನು ಹಾಕಿಸಿದರೆ ತುಳಿತ ಶೇಕಡಾ ಹತ್ತರಷ್ಟು ಹಗುರವಾಗುತ್ತದೆ. ಚೈನು ಒಂದಿಷ್ಟು ಉದ್ದ ಬೇಕಾಗಬಹುದಾದರೂ ಒಟ್ಟು ಖರ್ಚು ಕೆಲವು ನೂರು ರೂಪಾಯಿಗಳನ್ನು ಮೀರದು. ಅಂಗಡಿಯವರು ತಾವಾಗಿಯೇ ಇದನ್ನು ಹೇಳುವುದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು.

ಎರಡನೆಯದು ಇಂದು ಅಂಗಡಿಗಳ ಮುಂಭಾಗದಲ್ಲೇ ಸಾಲಾಗಿ ನಿಂತಿರುವ, ಎಂಟು ಸಾವಿರದಿಂದ ಹನ್ನೆರಡು ಸಾವಿರದವರೆಗಿನ, ದಪ್ಪ ಟೈರಿನ 'ಗೇರ್ ಸೈಕಲ್'. ಬೆಟ್ಟದ ದಾರಿಯ ಸೈಕಲ್ಲಿನ ವೇಷ ತೊಟ್ಟ ಇದರಲ್ಲಿ ಮುಂದೆ ಶಾಕ್, ಎರಡೂ ಕಡೆ ಡಿಸ್ಕ್ ಬ್ರೇಕ್, 21 ಗೇರು, ಫ್ರೇಮಿನ ತುಂಬ ಬಣ್ಣದ ಸ್ಟಿಕ್ಕರುಗಳು ಇರುತ್ತವೆ. ನನ್ನ ಅಭಿಪ್ರಾಯದಲ್ಲಿ ಕಚೇರಿಗೆ ಹೋಗುವವರು ಮೊದಲು ಬಿಡಬೇಕಾದದ್ದು ಇದನ್ನೇ. ಹತ್ತು ಸಾವಿರದ ಸೈಕಲ್ಲಿನಲ್ಲಿ ಶಾಕಿಗೂ ಡಿಸ್ಕಿಗೂ ಗೇರಿಗೂ ಹಣ ಹಂಚಿದ ಮೇಲೆ ಬೇರಿಂಗಿಗೆ, ರಿಮ್ಮಿಗೆ, ಸ್ಪೋಕಿಗೆ ಉಳಿಯುವುದು ಅಲ್ಪವೇ. ಈ ಬೆಲೆಯ ಶಾಕ್ ಎಂದರೆ ಒಳಗೆ ಒಂದು ಸ್ಪ್ರಿಂಗ್, ಅಷ್ಟೆ. ಸೀಟಿನಿಂದ ಎದ್ದು ನಿಂತು ತುಳಿದಾಗ ಹ್ಯಾಂಡಲ್ ಮೇಲೆ ಕೆಳಗೆ ತೂಗುವುದನ್ನು ಅಂಗಡಿಯ ಮುಂದೆಯೇ ನೋಡಬಹುದು. ಚಕ್ರಕ್ಕೆ ಹೋಗಬೇಕಾದ ಕಾಲಿನ ಬಲದಲ್ಲಿ ಒಂದು ಪಾಲು ಆ ಸ್ಪ್ರಿಂಗನ್ನು ಕುಗ್ಗಿಸಲು ಖರ್ಚಾಗುತ್ತದೆ. ಅದರ ಮೇಲೆ ಗಂಟುಗಂಟಾದ ದಪ್ಪ ಟೈರು ನುಣುಪಾದ ಡಾಂಬರಿನ ಮೇಲೆ ಗುಂಯ್ ಎಂದು ಸದ್ದು ಮಾಡುತ್ತಾ ಭಾರವಾಗಿ ಉರುಳುತ್ತದೆ.

21 ಗೇರುಗಳ ಲೆಕ್ಕವನ್ನೂ ಒಮ್ಮೆ ಬಿಡಿಸಿ ನೋಡೋಣ. ಮುಂದೆ 42, 34, 24 ಹಲ್ಲುಗಳ ಮೂರು ಚಕ್ರಗಳು, ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಚಕ್ರಗಳು ಇರುವುದು ಸಾಮಾನ್ಯ. 42ನ್ನು 28ರಿಂದ ಭಾಗಿಸಿದರೂ 24ನ್ನು 16ರಿಂದ ಭಾಗಿಸಿದರೂ ಬರುವುದು ಒಂದೂವರೆಯೇ. 34ನ್ನು 22ರಿಂದ ಭಾಗಿಸಿದರೆ ಬರುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಪೆಟ್ಟಿಗೆಯ ಮೇಲೆ ಮೂರೆಂದು ಎಣಿಸಿದ ಗೇರುಗಳು ಕಾಲಿಗೆ ಒಂದೇ. ಹೀಗೆ ಒಂದರ ಮೇಲೊಂದು ಬೀಳುವವನ್ನೂ ಚೈನು ಓರೆಯಾಗಿ ಉಜ್ಜುವವನ್ನೂ ಕಳೆದರೆ ನಿಜಕ್ಕೂ ಉಪಯೋಗಕ್ಕೆ ಬರುವ ಗೇರುಗಳು ಅರ್ಧದಷ್ಟು. ಮುಂದಿನ ಮೂರು ಚಕ್ರಗಳ ಕೇಬಲ್ ಸಡಿಲವಾದಾಗ ಚೈನು ಹೊರಗೆ ಬಿದ್ದು, ಕಚೇರಿಯ ಗೇಟಿನಲ್ಲಿ ಕೈ ಕಪ್ಪು ಮಾಡಿಕೊಂಡು ನಿಲ್ಲಬೇಕಾದ ಗೊಡವೆ ಬೇರೆ. ಡಿಸ್ಕ್ ಬ್ರೇಕಿನ ವಿಚಾರದಲ್ಲಿ ಮಾತ್ರ ಒಂದು ನ್ಯಾಯ ಹೇಳಬೇಕು: ರಿಮ್ಮು ಒದ್ದೆಯಾದರೂ ಅದರ ಹಿಡಿತ ಅಷ್ಟಾಗಿ ತಗ್ಗುವುದಿಲ್ಲ. ಆದರೆ ತಂತಿಯಿಂದ ಎಳೆಯುವ ಅಗ್ಗದ ಡಿಸ್ಕನ್ನು ಆಗಾಗ ಸರಿಹೊಂದಿಸುತ್ತಿರಬೇಕು, ಬೀದಿಯಲ್ಲಿ ಕುಳಿತು ಪಂಚರ್ ಹಾಕುವ ಎಲ್ಲರಿಗೂ ಆ ಕೆಲಸ ಒಗ್ಗಿಲ್ಲ.

ಮೂರನೆಯದನ್ನು ಅಂಗಡಿಯವರು ಹೈಬ್ರಿಡ್ ಎಂದೋ ಸಿಟಿ ಬೈಕ್ ಎಂದೋ ಕರೆಯುತ್ತಾರೆ. ನಾನು ಶಿಫಾರಸು ಮಾಡುವುದು ಇದನ್ನು, ಅದರಲ್ಲೂ ಶಾಕ್ ಇಲ್ಲದ ಗಟ್ಟಿ ಫೋರ್ಕಿನ, ಅಲ್ಯೂಮಿನಿಯಂ ರಿಮ್ಮಿನ, ವಿ-ಬ್ರೇಕಿನ, ಗೇರೇ ಇಲ್ಲದ ಅಥವಾ ಹಿಂದೆ ಮಾತ್ರ ಆರೇಳು ಗೇರುಗಳಿರುವ ಮಾದರಿಯನ್ನು. ಒಂಬತ್ತು ಸಾವಿರದಿಂದ ಹದಿಮೂರು ಸಾವಿರದೊಳಗೆ ಭಾರತೀಯ ಕಂಪನಿಗಳಲ್ಲೂ ಇವು ಸಿಗುತ್ತವೆ. ಡೆಕಾತ್ಲಾನ್‌ನಂತಹ ಕ್ರೀಡಾ ಮಳಿಗೆಗಳಲ್ಲೂ ಇವೆ, ಆದರೆ ಅಲ್ಲಿ ಗೇರ್ ಇರುವ ಮಾದರಿಗಳ ಬೆಲೆ ನನ್ನ ಮಿತಿಯನ್ನು ಮುಟ್ಟುತ್ತದೆ ಅಥವಾ ದಾಟುತ್ತದೆ. ತೂಕ ಹದಿನಾಲ್ಕು–ಹದಿನೈದು ಕಿಲೋ. ಅಲ್ಯೂಮಿನಿಯಂ ರಿಮ್ಮಿನ ಎರಡೂ ಪಕ್ಕಗಳನ್ನು ಹಿಡಿಯುವ ವಿ-ಬ್ರೇಕ್ ಮಳೆಯಲ್ಲೂ ಉಕ್ಕಿನ ರಿಮ್ಮಿಗಿಂತ ಎಷ್ಟೋ ಮೇಲು. ರಬ್ಬರ್ ಸವೆದರೆ ಒಂದು ಅಲೆನ್ ಕೀಲಿಯಿಂದ ಮನೆಯಲ್ಲೇ ಬದಲಿಸಿಕೊಳ್ಳಬಹುದು. ರಿಂಗ್ ರಸ್ತೆಯ ಸರ್ವಿಸ್ ರಸ್ತೆಯಂತಹ ನೇರ ದಾರಿಯಲ್ಲಿ ಇದೂ ಎರಡನೆಯ ಬಗೆಯದೂ ಬೆನ್ನುಬೆನ್ನಿಗೆ ಓಡಿದರೆ ವ್ಯತ್ಯಾಸ ತಿಳಿಯಲು ಮೊದಲ ಕಿಲೋಮೀಟರೇ ಸಾಕು.

ಆದರೆ ಚೀಟಿಯ ಮೇಲಿನ ಬೆಲೆಗೆ ಮರುಳಾಗಬಾರದು. ಈ ಸೈಕಲ್‌ಗಳು ಬಹುಪಾಲು ಬೋಳಾಗಿಯೇ ಬರುತ್ತವೆ. ಎರಡು ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಬೆಲ್ಲು, ಮುಂದಿನ ಹಿಂದಿನ ದೀಪ, ಗಟ್ಟಿ ಬೀಗ ಇವೆಲ್ಲಕ್ಕೂ ಎರಡೂವರೆ ಸಾವಿರವಾದರೂ ಬೇಕು. ಆದ್ದರಿಂದ ಕ್ಯಾರಿಯರ್ ಬಿಗಿಯಲು ಹಿಂದಿನ ಅಚ್ಚಿನ ಬಳಿ ಫ್ರೇಮಿನಲ್ಲಿ ತಿರುಪಿನ ತೂತುಗಳಿವೆಯೇ, ಟೈರಿಗೂ ಫೋರ್ಕಿಗೂ ನಡುವೆ ಮಡ್‌ಗಾರ್ಡ್ ಕೂರುವಷ್ಟು ಜಾಗವಿದೆಯೇ ಎಂದು ಬೆರಳಿಟ್ಟು ನೋಡಬೇಕು. ಸೀಟಿನ ಕೊಳವೆಗೆ ಸಿಕ್ಕಿಸುವ ತುಂಡು ಮಡ್‌ಗಾರ್ಡ್ ನಮ್ಮ ಮಳೆಗೆ ನಿಷ್ಪ್ರಯೋಜಕ: ಬೆನ್ನಿಗೆ ಕೆಸರಿನ ಗೆರೆ ಬೀಳದಿದ್ದರೂ ಮುಂದಿನ ಚಕ್ರದ ನೀರೆಲ್ಲ ಬೂಟಿನೊಳಗೇ ಇಳಿಯುತ್ತದೆ.

ಟೈರಿನ ಅಳತೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮಲ್ಲಿ ಹೆಚ್ಚು ಗೊಂದಲವಾಗುವುದು ಅಲ್ಲೇ. ಟೈರಿನ ಪಕ್ಕದಲ್ಲಿ 37-622 ಎಂಬಂತೆ ಒಂದು ಜೋಡಿ ಸಂಖ್ಯೆ ಅಚ್ಚಾಗಿರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಹೈಬ್ರಿಡ್ಡಿನದು 622, ಕಪ್ಪು ಸೈಕಲ್ಲಿನ 28 ಇಂಚಿನ, ಒಂದೂವರೆ ಇಂಚು ಅಗಲದ ಟೈರು 635. 26 ಇಂಚೆಂದು ಕರೆಯುವುದರಲ್ಲೇ 559, 584, 590 ಎಂಬ ಮೂರು ಬೇರೆ ಬೇರೆ ಅಳತೆಗಳಿವೆ, ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಬರಿಯ ಇಂಚು ಹೇಳಿ ಟೈರು ತಂದರೆ ಮತ್ತೊಮ್ಮೆ ಅಂಗಡಿಗೆ ನಡೆಯಬೇಕಾದೀತು. ಕಚೇರಿಯ ದಾರಿಗೆ 35ರಿಂದ 40 ಮಿಲಿಮೀಟರ್ ಅಗಲದ, ನಡುವೆ ನುಣುಪಾದ ಟೈರು ಚೆನ್ನ. ಕೊಳ್ಳುವ ಮುನ್ನ ಮನೆಯ ಹತ್ತಿರದ ರಿಪೇರಿಯವರಲ್ಲಿ ಆ ಅಳತೆಯ ಟ್ಯೂಬು ಇದೆಯೇ ಎಂದು ವಿಚಾರಿಸಿಕೊಳ್ಳುವುದು ಲೇಸು. ಗಾಳಿ ಹೊಡೆಯುವ ಬಾಯಿ ಸ್ಕೂಟರಿನ ಬಗೆಯದ್ದಾದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ತುಂಬಿಸಬಹುದು, ಟೈರಿನ ಮೇಲೆ ಬರೆದ ಒತ್ತಡವನ್ನು ಮೀರದಂತೆ ನೋಡಿಕೊಂಡರೆ ಆಯಿತು.

ಅಳತೆ ಮೈಗೆ ಹೊಂದದಿದ್ದರೆ ಎಷ್ಟು ಒಳ್ಳೆಯ ಸೈಕಲ್ಲೂ ಮಂಡಿನೋವು ತರುತ್ತದೆ. ಸೀಟಿನ ಮೇಲೆ ಕುಳಿತು ಪೆಡಲನ್ನು ಅತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ಮುಂಗಾಲಿನಲ್ಲಿ ತುಳಿಯುವಾಗ ಮಂಡಿ ಆಗ ಬೇಕಾದಷ್ಟೇ ಬಾಗುತ್ತದೆ. ನಮ್ಮಲ್ಲಿ ಎರಡೂ ಪಾದ ನೆಲಕ್ಕೆ ತಾಗಬೇಕೆಂದು ಸೀಟನ್ನು ತಗ್ಗಿಸುವ ರೂಢಿಯಿದೆ, ಮಂಡಿಯ ಮೇಲಿನ ಭಾರಕ್ಕೆ ಮುಖ್ಯ ಕಾರಣ ಅದೇ. ಸೀರೆ ಅಥವಾ ಚೂಡಿದಾರ್ ಧರಿಸಿ ಕೆಲಸಕ್ಕೆ ಹೋಗುವವರಿಗೆ ಬಾರ್ ತಗ್ಗಿದ ಫ್ರೇಮೂ ಚೈನ್ ಕವರೂ ಇರುವ ಮಾದರಿಗಳು ಅನುಕೂಲ. ಅವುಗಳನ್ನು 'ಲೇಡೀಸ್ ಸೈಕಲ್' ಎಂದು ಬೇರೆ ಮೂಲೆಯಲ್ಲಿ ನಿಲ್ಲಿಸಿರುತ್ತಾರೆ. ಕ್ಯಾರಿಯರಿನ ಮೇಲೆ ಎತ್ತರದ ಹೊರೆ ಕಟ್ಟಿಕೊಂಡು ಕಾಲೆತ್ತಿ ದಾಟಲಾಗದ ಗಂಡಸರಿಗೂ ಅದು ಒಳ್ಳೆಯದೇ, ನಾಚಿಕೆಪಡುವ ಕಾರಣವಿಲ್ಲ.

ಎಲ್ಲಿ ಕೊಳ್ಳಬೇಕು ಎಂಬುದಕ್ಕೆ ನನ್ನ ಉತ್ತರ, ರಿಪೇರಿ ಮಾಡುವ ಕೈ ಅಲ್ಲೇ ಇರುವ ಅಂಗಡಿಯಲ್ಲಿ. ಅಂತರ್ಜಾಲದಲ್ಲಿ ಸಾವಿರ ರೂಪಾಯಿ ಉಳಿಯಬಹುದು, ಆದರೆ ಪೆಟ್ಟಿಗೆಯಲ್ಲಿ ಬರುವುದು ಅರೆಬರೆ ಜೋಡಿಸಿದ ಸೈಕಲ್. ನಮ್ಮ ಕಚೇರಿಯ ಸೈಕಲ್ ನಿಲ್ದಾಣದಲ್ಲೇ ಮುಂದಿನ ಫೋರ್ಕನ್ನು ಹಿಂದುಮುಂದಾಗಿ ಕೂರಿಸಿಕೊಂಡು ಓಡಾಡುತ್ತಿದ್ದ ಸೈಕಲ್ಲೊಂದಿತ್ತು. ಬ್ರೇಕು ಚಕ್ರದ ಹಿಂಬದಿಗೆ ಹೋಗಿತ್ತು, ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಬೂಟಿನ ತುದಿ ಟೈರಿಗೆ ತಾಗುತ್ತಿತ್ತು. ಪೆಡಲುಗಳ ವಿಷಯ ಇದಕ್ಕಿಂತ ಸೂಕ್ಷ್ಮ. ಎಡಗಡೆಯ ಪೆಡಲಿನ ಮರೆ (ತಿರುಪಿನ ಸುರುಳಿ ಗೆರೆ) ಸಾಮಾನ್ಯ ತಿರುಪಿಗೆ ವಿರುದ್ಧವಾಗಿ ಬಿಗಿಯಾಗುತ್ತದೆ. ಅದನ್ನರಿಯದೆ ಬಲವಂತವಾಗಿ ತಿರುಗಿಸಿದರೆ ಪೆಡಲಿನ ಕಾಲಾದ ಕ್ರ್ಯಾಂಕಿನ ಮರೆ ಹರಿದು, ಪೆಡಲ್ ಮತ್ತೆಂದೂ ನಿಲ್ಲುವುದಿಲ್ಲ. ಹೊಸ ಸೈಕಲ್ಲಿನ ತಂತಿಗಳು ಹಿಗ್ಗುವುದೂ ಸ್ಪೋಕುಗಳು ಸಡಿಲವಾಗುವುದೂ ಮೊದಲ ತಿಂಗಳಿನಲ್ಲೇ ಆದ್ದರಿಂದ, ಆಗ ಒಮ್ಮೆ ಬಿಟ್ಟಿಯಾಗಿ ಸರಿಮಾಡಿಕೊಡುವುದಾಗಿ ಅಂಗಡಿಯವರಿಂದ ಒಪ್ಪಿಸಿಕೊಳ್ಳುವುದು ಬೆಲೆಯಲ್ಲಿ ಐನೂರು ಇಳಿಸಿಕೊಳ್ಳುವುದಕ್ಕಿಂತ ಲಾಭದಾಯಕ.

ಹಳೆಯ ಸೈಕಲ್ ಕೊಳ್ಳುವವರು ಚಕ್ರವನ್ನು ಎತ್ತಿ ತಿರುಗಿಸಿ ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವಿನ ಸಂದು ಒಂದೇ ಸಮನಾಗಿದೆಯೇ ನೋಡಲಿ. ಫ್ರೇಮಿನ ಬೆಸುಗೆಯಲ್ಲಿ ಬಿರುಕಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಹೀಗಾಗಿ ದಾರಿ ಸಮತಟ್ಟಾಗಿದ್ದು ಐದಾರು ಕಿಲೋಮೀಟರಿನೊಳಗೆ ಇದ್ದರೆ, ಸೈಕಲ್ಲನ್ನು ನೆಲಮಹಡಿಯಲ್ಲೇ ನಿಲ್ಲಿಸಬಹುದಾದರೆ ಕಪ್ಪು ಸೈಕಲ್ಲನ್ನೇ ಕೊಂಡು, ಉಳಿದ ಹಣದಲ್ಲಿ ಒಳ್ಳೆಯ ಬೀಗವನ್ನೂ ಮಳೆಯಂಗಿಯನ್ನೂ ಕೊಳ್ಳಿ. ದೂರ ಅದಕ್ಕಿಂತ ಹೆಚ್ಚಿದ್ದರೆ, ನಡುವೆ ಏರುಗಳಿದ್ದರೆ ಗಟ್ಟಿ ಫೋರ್ಕಿನ ಹೈಬ್ರಿಡ್ ಸೂಕ್ತ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿರುವುದರಿಂದ ಹಳೆಯ ದಾಸ್ತಾನಿಗೆ ಹಳೆಯ ದರ ಹೇಳುವವರೊಡನೆ ಧಾರಾಳವಾಗಿ ಚೌಕಾಸಿ ಮಾಡಬಹುದು. ರಸೀದಿ ಬರೆಸುವಾಗ ಸೈಕಲ್ಲನ್ನು ತಲೆಕೆಳಗು ಮಾಡಿಸಿ, ಸಾಮಾನ್ಯವಾಗಿ ಪೆಡಲಿನ ಅಚ್ಚು ಹಾದುಹೋಗುವ ಕೊಳವೆಯ ಅಡಿಯಲ್ಲಿ ಒತ್ತಿರುವ ಫ್ರೇಮ್ ಸಂಖ್ಯೆಯನ್ನು ಅದರಲ್ಲಿ ಸೇರಿಸಲು ಹೇಳಿ. ಕಳುವಾದರೆ ಠಾಣೆಯಲ್ಲಿ ಮೊದಲು ಕೇಳುವುದು ಆ ಸಂಖ್ಯೆಯನ್ನೇ.